ಹನ್ನೊಂದನೆಯ ನೆಗೆಟಿವ್ ವರದಿ

ಹನ್ನೊಂದನೆಯ ಬಾರಿಗೆ ನನ್ನ ಎಚ್‌ಐವಿ ಪರೀಕ್ಷೆಯ ವರದಿಯನ್ನು ಕೈಗೆ ಕೊಡುವಾಗ ಪ್ರಯೋಗಾಲಯದ ಸಹಾಯಕ ನನ್ನ ಹೆಸರನ್ನು ಕೇಳಲೇ ಇಲ್ಲ. ಅಷ್ಟರಲ್ಲಿ ಅವನಿಗೆ ನನ್ನ ಮುಖ ಪರಿಚಯವಾಗಿಬಿಟ್ಟಿತ್ತು. ಮೆಟ್ಟಿಲು ಇಳಿಯುವ ಮೊದಲೇ ಲಕೋಟೆ ಹರಿದು ನೋಡಿದೆ. ನಾನ್-ರಿಯಾಕ್ಟಿವ್ ಎಂದಿತ್ತು. ಎದೆಭಾರ ಇಳಿಯಿತು. ಆ ಹಗುರ ಎಷ್ಟು ಹೊತ್ತು ಉಳಿಯಿತೆಂದು ನಿಖರವಾಗಿ ಹೇಳಬಲ್ಲೆ, ಏಕೆಂದರೆ ಆಗೆಲ್ಲ ಪ್ರತಿಯೊಂದನ್ನೂ ಗಡಿಯಾರ ನೋಡಿ ಲೆಕ್ಕವಿಡುವ ಅಭ್ಯಾಸ ನನಗೆ ಅಂಟಿಕೊಂಡಿತ್ತು: ನಲವತ್ತು ನಿಮಿಷ. ಬಸ್ಸಿನಲ್ಲಿ ಕುಳಿತು ವರದಿಯನ್ನು ಮತ್ತೊಮ್ಮೆ ಓದುವಾಗ ನನ್ನ ವಯಸ್ಸು ಒಂದು ವರ್ಷ ಹೆಚ್ಚಾಗಿ ಅಚ್ಚಾಗಿದ್ದುದು ಕಣ್ಣಿಗೆ ಬಿತ್ತು. ವಯಸ್ಸು ತಪ್ಪಾಗಿದ್ದರೆ ರಕ್ತದ ಮಾದರಿಯೂ ಬೇರೆ ಯಾರದೋ ಆಗಿರಬಹುದಲ್ಲವೇ ಎಂಬ ಯೋಚನೆ ಹುಟ್ಟಿತು. ಮನೆ ಮುಟ್ಟುವಷ್ಟರಲ್ಲಿ ಹನ್ನೆರಡನೆಯ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ಹುಡುಕತೊಡಗಿದ್ದೆ.

ಇದೆಲ್ಲ ಶುರುವಾದದ್ದು ಅದಕ್ಕೂ ಹತ್ತೊಂಬತ್ತು ತಿಂಗಳ ಹಿಂದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಪರಿಚಯದ ಮಹಿಳೆಯೊಬ್ಬರೊಂದಿಗೆ ಒಂದು ರಾತ್ರಿ ಕಾಂಡೋಮ್ ಇಲ್ಲದೆ ದೈಹಿಕ ಸಂಪರ್ಕವಾಯಿತು. ಇಬ್ಬರ ಒಪ್ಪಿಗೆಯಿಂದ ಆದದ್ದು, ಮತ್ತು ಅವರ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ. ಮೊದಲ ಎರಡು ವಾರ ನನ್ನಲ್ಲಿದ್ದದ್ದು ರೋಗದ ಭಯವಲ್ಲ, ತಪ್ಪು ಮಾಡಿದೆನೆಂಬ ಅಳುಕು ಮಾತ್ರ. ಮನೆಯಲ್ಲಿ ನನ್ನ ಮದುವೆಯ ಮಾತುಕತೆ ನಡೆಯುತ್ತಿದ್ದ ದಿನಗಳವು. ಇಪ್ಪತ್ತನೆಯ ದಿನ ಗಂಟಲು ನೋವು, ಸಣ್ಣ ಜ್ವರ ಬಂತು. ಎರಡು ದಿನದಲ್ಲಿ ಜ್ವರ ಹೋಯಿತು, ಆದರೆ ಆ ಎರಡು ದಿನಗಳಲ್ಲಿ ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ನಾನು ಓದಿದ್ದು ಮುಂದಿನ ಎರಡು ವರ್ಷ ನನ್ನನ್ನು ಬಿಡಲಿಲ್ಲ.

ಎಚ್‌ಐವಿ ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳೊಳಗೆ ಹಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕತ್ತಿನ ಗ್ರಂಥಿಗಳ ಊತ ಕಾಣಿಸಿಕೊಳ್ಳುತ್ತದೆ ಎಂಬುದು ನಿಜ. ಇವೇ ಲಕ್ಷಣಗಳು ಯಾವುದೇ ಸಾಮಾನ್ಯ ವೈರಲ್ ಜ್ವರದಲ್ಲೂ ಇರುತ್ತವೆ, ಆದ್ದರಿಂದ ಲಕ್ಷಣ ನೋಡಿ ಎಚ್‌ಐವಿ ಇದೆ ಎಂದಾಗಲಿ ಇಲ್ಲ ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಎರಡೂ ವಾಕ್ಯಗಳು ಒಂದೇ ಪುಟದಲ್ಲಿದ್ದವು. ನನ್ನ ಕಣ್ಣು ಮೊದಲನೆಯದನ್ನಷ್ಟೇ ಓದಿತು. ಅದೇ ಪುಟದ ಕೆಳಗೆ, ಸಂಪರ್ಕವಾದ 72 ಗಂಟೆಗಳೊಳಗೆ ಶುರುಮಾಡಿ 28 ದಿನ ತೆಗೆದುಕೊಂಡರೆ ಸೋಂಕನ್ನು ತಡೆಯಬಲ್ಲ ಔಷಧಿ ಇದೆ ಎಂದು ಬರೆದಿತ್ತು. ಅದನ್ನು ಇಪ್ಪತ್ತನೆಯ ದಿನ ಓದಿದವನ ಸ್ಥಿತಿಯನ್ನು ಹೇಗೆ ವಿವರಿಸಲಿ? ಕೈಗೆ ಸಿಗಬಹುದಾಗಿದ್ದ ಒಂದು ಬಾಗಿಲು ನನ್ನ ಅಜ್ಞಾನದಿಂದಲೇ ಮುಚ್ಚಿಹೋಯಿತು ಎಂಬ ಕೊರಗು ಭಯಕ್ಕಿಂತ ಆಳಕ್ಕೆ ಇಳಿಯಿತು. ಈ 72 ಗಂಟೆಗಳ ವಿಷಯವನ್ನು ಪ್ರತಿಯೊಬ್ಬರೂ ಮೊದಲೇ ತಿಳಿದಿರಬೇಕು ಎಂದು ಇಂದಿಗೂ ನನಗೆ ತೀವ್ರವಾಗಿ ಅನಿಸುತ್ತದೆ.

ನಾಲ್ಕನೆಯ ವಾರ ಮೊದಲ ಪರೀಕ್ಷೆ ಮಾಡಿಸಿದೆ. ಅದು ಸರಿಯಾದ ಹೆಜ್ಜೆಯೇ ಆಗಿತ್ತು. ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕಿ ನನ್ನನ್ನು ಕೂರಿಸಿಕೊಂಡು, ಸೋಂಕು ತಗಲಿದ ದಿನಕ್ಕೂ ಅದು ಪರೀಕ್ಷೆಯಲ್ಲಿ ಕಾಣುವ ದಿನಕ್ಕೂ ನಡುವೆ ವಿಂಡೋ ಪೀರಿಯಡ್ ಎಂಬ ಅಂತರವಿರುತ್ತದೆ ಎಂದು ವಿವರಿಸಿದರು. ವೈರಾಣುವಿನ ಪಿ24 ಎಂಬ ಪ್ರೋಟೀನನ್ನೂ ದೇಹ ಅದಕ್ಕೆ ಪ್ರತಿಯಾಗಿ ತಯಾರಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ ನಾಲ್ಕನೆಯ ತಲೆಮಾರಿನ ಪ್ರಯೋಗಾಲಯ ಪರೀಕ್ಷೆಯಲ್ಲಿ 45 ದಿನಗಳ ಬಳಿಕದ ನೆಗೆಟಿವ್ ಫಲಿತಾಂಶವನ್ನು ನಂಬಬಹುದು, ಕೇವಲ ಪ್ರತಿಕಾಯಗಳನ್ನು ನೋಡುವ ಪರೀಕ್ಷೆಯಾದರೆ 90 ದಿನ ಕಾಯಬೇಕು ಎಂದು ಹೇಳಿ ಮುಂದಿನ ದಿನಾಂಕವನ್ನು ಬರೆದುಕೊಟ್ಟರು. ಇನ್ನೂ ಒಂದು ಮಾತು ಹೇಳಿದರು: ಸಂಗಾತಿಗೆ ಸೋಂಕಿದ್ದು ಅವರು ಚಿಕಿತ್ಸೆ ಪಡೆಯುತ್ತಿಲ್ಲವೆಂದೇ ಇಟ್ಟುಕೊಂಡರೂ, ಯೋನಿ ಸಂಭೋಗದ ಒಂದು ಸಂಪರ್ಕದಲ್ಲಿ ಗಂಡಿಗೆ ಸೋಂಕು ತಗಲುವ ಸಂಭವ ಹತ್ತು ಸಾವಿರಕ್ಕೆ ಸುಮಾರು ನಾಲ್ಕು. ಆ ಹತ್ತು ಸಾವಿರ ನನ್ನ ಕಿವಿಗೆ ಬೀಳಲೇ ಇಲ್ಲ. ನಾಲ್ಕು ಮಂದಿಯಲ್ಲಿ ನಾನೊಬ್ಬ ಎಂದು ಮನಸ್ಸು ಆಗಲೇ ನಿರ್ಧರಿಸಿತ್ತು.

45 ದಿನಗಳ ಬಳಿಕ ನೆಗೆಟಿವ್ ಬಂತು. ಮೂರು ತಿಂಗಳಿಗೂ ನೆಗೆಟಿವ್. ಅಲ್ಲಿಗೆ ವೈದ್ಯಕೀಯವಾಗಿ ನನ್ನ ಕಥೆ ಮುಗಿದಿತ್ತು. ಆದರೆ ಅಂತರ್ಜಾಲದಲ್ಲಿ ಎಲ್ಲೋ ಆರು ತಿಂಗಳು ಕಾಯಬೇಕು ಎಂಬ ಸಲಹೆ ಸಿಕ್ಕಿತು. 1985ರಲ್ಲಿ ಮೊದಲ ಎಚ್‌ಐವಿ ರಕ್ತಪರೀಕ್ಷೆ ಬಳಕೆಗೆ ಬಂದಾಗಿನ ತಂತ್ರಜ್ಞಾನಕ್ಕೂ ಇಂದಿನದಕ್ಕೂ ಬಹಳ ಅಂತರವಿದೆ. ಹಳೆಯ ಪರೀಕ್ಷೆಗಳಿಗೆ ತಕ್ಕಂತೆ ಬರೆದ ಎಚ್ಚರಿಕೆಗಳು ಇಂದಿಗೂ ಅಳಿಯದೆ ಓದುಗನ ಮುಂದೆ ಹೊಸದರಂತೆ ನಿಲ್ಲುತ್ತವೆ. ಇದನ್ನು ನಾನು ಕಲಿತದ್ದು ಬಹಳ ತಡವಾಗಿ. ಆಗ ಮಾತ್ರ, ಹತ್ತು ವೈದ್ಯರು ಸಾಕು ಎಂದರೂ ಒಬ್ಬ ಅಪರಿಚಿತ ಸಾಲದು ಎಂದು ಬರೆದಿದ್ದರೆ ಆ ಅಪರಿಚಿತನನ್ನೇ ನಂಬುತ್ತಿದ್ದೆ.

ಆರು ತಿಂಗಳ ವರದಿಯೂ ನೆಗೆಟಿವ್ ಬಂದ ಮೇಲೆ ಭಯ ಮನೆ ಬದಲಾಯಿಸಿತು. ಸಿಫಿಲಿಸ್‌ಗೆ ಹೋಯಿತು, ಅದರ ಹುಣ್ಣು ನೋವಿಲ್ಲದೆ ಬಂದು ತಾನಾಗಿ ಮಾಯವಾಗುತ್ತದೆ ಎಂದು ಓದಿದ್ದರಿಂದ ನಾನು ಗಮನಿಸದೇ ಹೋಗಿರಬಹುದೆಂದು ಹೆದರಿದೆ. ಆ ಪರೀಕ್ಷೆಯೂ ನೆಗೆಟಿವ್. ಗೊನೊರಿಯಾ ಮತ್ತು ಕ್ಲಮೈಡಿಯಾ ಎಷ್ಟೋ ಜನರಲ್ಲಿ ಲಕ್ಷಣವೇ ಇಲ್ಲದೆ ಇರುತ್ತವೆ ಎಂದು ಮೂತ್ರ ಪರೀಕ್ಷೆ ಮಾಡಿಸಿದೆ, ಅವೂ ಇರಲಿಲ್ಲ. ಇವು ಮೂರೂ ಆ್ಯಂಟಿಬಯೋಟಿಕ್‌ನಿಂದ ವಾಸಿಯಾಗುವ ಸೋಂಕುಗಳು, ಸಿಫಿಲಿಸ್‌ಗೆ ಇಂದಿಗೂ ಪೆನಿಸಿಲಿನ್ನೇ ಮದ್ದು ಎಂಬ ಸಂಗತಿ ನನಗೆ ಯಾವ ನೆಮ್ಮದಿಯನ್ನೂ ಕೊಡಲಿಲ್ಲ. ಕೊನೆಗೆ ಭಯ ತನಗೆ ಅತ್ಯಂತ ಒಗ್ಗುವ ಜಾಗಕ್ಕೆ ಬಂದು ನೆಲೆಸಿತು. ಲೈಂಗಿಕ ಸಂಪರ್ಕದಿಂದ ಹರಡುವ ಎರಡು ವೈರಾಣುಗಳು, ಹರ್ಪಿಸ್ ಮತ್ತು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್). ಎಚ್‌ಪಿವಿ ಇದೆಯೇ ಎಂದು ಲಕ್ಷಣವಿಲ್ಲದ ಗಂಡಸರಲ್ಲಿ ನೋಡಲು ವಾಡಿಕೆಯ ಪರೀಕ್ಷೆಯೇ ಇಲ್ಲ. ಪರೀಕ್ಷೆಯೇ ಇಲ್ಲದ ಸೋಂಕು ಎಂದರೆ ಎಂದೂ ನೆಗೆಟಿವ್ ಬಾರದ ಸೋಂಕು. ನನ್ನಂತಹ ಮನಸ್ಸಿಗೆ ಇದಕ್ಕಿಂತ ದೊಡ್ಡ ಹಿಂಸೆ ಬೇರೆ ಬೇಕಿರಲಿಲ್ಲ.

ಹರ್ಪಿಸ್‌ನ ವಿಷಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಯಾವ ವೈದ್ಯರೂ ಹೇಳದಿದ್ದರೂ ನಾನೇ ಹೋಗಿ ರಕ್ತಪರೀಕ್ಷೆ ಮಾಡಿಸಿದೆ. ಹರ್ಪಿಸ್‌ನ ಎರಡನೆಯ ಬಗೆಯ ಪ್ರತಿಕಾಯಗಳ ಪ್ರಮಾಣ 1.4 ಎಂದು ಬಂತು, ಅಂದರೆ 1.1 ಎಂಬ ಗಡಿಯನ್ನು ಸ್ವಲ್ಪವೇ ದಾಟಿತ್ತು. ಆ ಸಂಜೆ ಬದುಕಿರುವುದೇ ಬೇಡವೆನಿಸಿದ್ದನ್ನು ಮುಚ್ಚಿಡುವುದಿಲ್ಲ. ಮರುದಿನ ಚರ್ಮರೋಗ ತಜ್ಞರು ವರದಿಯನ್ನು ನೋಡಿ, 3ಕ್ಕಿಂತ ಕಡಿಮೆ ಪ್ರಮಾಣದ ಪಾಸಿಟಿವ್ ಫಲಿತಾಂಶಗಳಲ್ಲಿ ಸುಳ್ಳು ಪಾಸಿಟಿವ್ ಹೆಚ್ಚು, ಅದಕ್ಕಾಗಿಯೇ ಲಕ್ಷಣವಿಲ್ಲದವರಿಗೆ ಈ ಪರೀಕ್ಷೆಯನ್ನು ನಾವು ಬರೆಯುವುದಿಲ್ಲ ಎಂದರು. ಬೇರೆ ವಿಧಾನದ ಪರೀಕ್ಷೆಯಲ್ಲಿ ಅದು ಸುಳ್ಳೆಂದು ಗೊತ್ತಾಯಿತು. ನನ್ನ ಮಟ್ಟಿಗೆ ಅದರಿಂದ ಆದ ನಷ್ಟವೇ ಹೆಚ್ಚು: ಪರೀಕ್ಷೆಗಳು ಸುಳ್ಳು ಹೇಳಬಲ್ಲವು ಎಂಬುದಕ್ಕೆ ಈಗ ನನ್ನ ಬಳಿ ಕಾಗದದ ಸಾಕ್ಷಿಯೇ ಇತ್ತು.

ಮೈಯನ್ನು ನಾನು ಹೇಗೆ ಕಾವಲು ಕಾಯುತ್ತಿದ್ದೆನೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದೇ ಸ್ಥಿತಿಯಲ್ಲಿರುವವರು ಯಾರಿಗೂ ಹೇಳದೆ ಮಾಡುವ ಕೆಲಸಗಳಿವು. ಬೆಳಿಗ್ಗೆ ಎದ್ದ ಕೂಡಲೇ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನಾಲಿಗೆ ನೋಡುತ್ತಿದ್ದೆ. ನಾಲಿಗೆಯ ಮೇಲಿನ ಬಿಳಿ ಪದರದ ಫೋಟೊ ತೆಗೆದು ಹಿಂದಿನ ದಿನದ್ದಕ್ಕೆ ಹೋಲಿಸುತ್ತಿದ್ದೆ. ಕತ್ತಿನ, ಕಂಕುಳಿನ, ತೊಡೆಸಂದಿನ ಗ್ರಂಥಿಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ತೊಡೆಸಂದಿನಲ್ಲಿ ಸಣ್ಣ ಗ್ರಂಥಿಗಳು ಆರೋಗ್ಯವಂತರಲ್ಲೂ ಕೈಗೆ ಸಿಗುತ್ತವೆ. ಆದರೆ ನಾನು ದಿನಕ್ಕೆ ಹತ್ತಾರು ಬಾರಿ ಒತ್ತುತ್ತಿದ್ದುದರಿಂದ ಅಲ್ಲಿ ನಿಜವಾಗಿಯೂ ನೋವು ಶುರುವಾಯಿತು, ಆ ನೋವು ಹೊಸ ಲಕ್ಷಣವಾಯಿತು. ಸ್ರಾವವಿದೆಯೇ ಎಂದು ಮೂತ್ರನಾಳವನ್ನು ಹಿಂಡಿ ನೋಡುತ್ತಿದ್ದೆ, ಹಿಂಡಿದ್ದರಿಂದಲೇ ಉರಿ ಬಂತು, ಉರಿ ಬಂದದ್ದರಿಂದ ಮತ್ತೆ ಹಿಂಡಿದೆ. ಹುಟ್ಟಿನಿಂದಲೋ ಹರೆಯದಿಂದಲೋ ಇದ್ದ, ಅನೇಕ ಗಂಡಸರಲ್ಲಿರುವ, ಯಾವ ಸೋಂಕಿಗೂ ಸಂಬಂಧವಿಲ್ಲದ ಚಿಕ್ಕ ಚಿಕ್ಕ ಗುಳ್ಳೆಗಳ ಸಾಲನ್ನು ಮೂವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಗಮನಿಸಿ ಅವು ನಿನ್ನೆ ಇರಲಿಲ್ಲ ಎಂದು ಮೂವರು ವೈದ್ಯರ ಮುಂದೆ ವಾದಿಸಿದೆ. ಹಸಿವು ಸತ್ತು ಆರು ಕಿಲೊ ತೂಕ ಇಳಿಯಿತು. ಕಾರಣವಿಲ್ಲದೆ ತೂಕ ಇಳಿಯುವುದು ಎಚ್‌ಐವಿಯ ಲಕ್ಷಣವೆಂದು ಓದಿದೆ. ರಾತ್ರಿ ಬೆವರು, ಒಣಗಿದ ಬಾಯಿ, ಭೇದಿ, ಮಾಂಸಖಂಡಗಳ ಅದುರುವಿಕೆ, ಎಲ್ಲವೂ ಬಂದವು. ಇವೆಲ್ಲ ತೀವ್ರ ಆತಂಕವೇ ಮೈಯಲ್ಲಿ ಮಾಡುವ ಬದಲಾವಣೆಗಳು ಎಂದು ಯಾರಾದರೂ ಹೇಳಿದರೆ, ಅವರು ನನ್ನ ನೋವನ್ನು ಸುಳ್ಳೆನ್ನುತ್ತಿದ್ದಾರೆ ಎಂದು ಭಾವಿಸುತ್ತಿದ್ದೆ. ಅವರು ಹಾಗೆ ಹೇಳುತ್ತಿರಲಿಲ್ಲ. ನೋವು ನಿಜ, ಮೂಲ ಬೇರೆ ಎನ್ನುತ್ತಿದ್ದರು.

ಈ ನಡುವೆ ಮದುವೆಯಾಯಿತು. ಅದುವರೆಗೆ ಒಂಬತ್ತು ನೆಗೆಟಿವ್ ವರದಿಗಳಿದ್ದವು ಎಂಬ ಧೈರ್ಯದ ಮೇಲೆಯೇ ಒಪ್ಪಿದ್ದೆ. ಮದುವೆಯಾದ ತಿಂಗಳೊಳಗೆ ಆ ಧೈರ್ಯ ಕುಸಿಯಿತು. ಮೊದಲು ನನ್ನ ಬಗ್ಗೆ ಇದ್ದ ಭಯ ಈಗ ಹೆಂಡತಿಗೆ ಅಂಟಿಸಿಬಿಡುತ್ತೇನೆಂಬ ಭಯವಾಗಿ ಎರಡು ಪಟ್ಟಾಯಿತು. ತಲೆನೋವು, ಕೆಲಸದ ಒತ್ತಡ, ನಿದ್ದೆ ಎಂದು ನೆಪ ಹೇಳಿ ಅವಳಿಂದ ದೂರ ಉಳಿದೆ. ನನ್ನ ಟವೆಲನ್ನು ಬೇರೆ ಇಟ್ಟೆ, ಕುಡಿಯುವ ಲೋಟವನ್ನೂ ಬೇರೆ ಮಾಡಿದೆ. ಎಚ್‌ಐವಿ ಜೊಲ್ಲಿನಿಂದ, ಲೋಟದಿಂದ, ಟವೆಲಿನಿಂದ, ಅಪ್ಪುಗೆಯಿಂದ ಹರಡುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತಿಳಿವಳಿಕೆ ಒಂದು ಕಡೆಯಿದ್ದರೆ ಕೈ ಇನ್ನೊಂದನ್ನು ಮಾಡುತ್ತಿತ್ತು. ಟೀವಿಯಲ್ಲಿ ಎಚ್‌ಐವಿ ಕುರಿತ ಜಾಹೀರಾತು ಬಂದರೆ ಎದ್ದು ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯ ಅರ್ಥ ನನಗೆ ಆ ತಿಂಗಳುಗಳಲ್ಲಿ ಮೈಗೆ ತಾಗಿ ತಿಳಿಯಿತು.

ಹನ್ನೆರಡನೆಯ ಪರೀಕ್ಷೆಗೆಂದು ನಾನು ಮತ್ತೆ ಹೋದದ್ದು ಮೊದಲ ಸಲ ಹೋಗಿದ್ದ ಕೇಂದ್ರಕ್ಕೇ. ಅದೇ ಆಪ್ತಸಮಾಲೋಚಕಿ ಇದ್ದರು. ನಾನು ಕಡತವನ್ನು ಅವರ ಮುಂದಿಟ್ಟೆ. ಅವರು ಹನ್ನೊಂದು ಹಾಳೆಗಳನ್ನೂ ಒಂದೊಂದಾಗಿ ತಿರುವಿ ನೋಡಿದರು, ಅವಸರ ಮಾಡಲಿಲ್ಲ. ಆಮೇಲೆ, ಪಾಸಿಟಿವ್ ಬಂದರೆ ಏನಾಗುತ್ತದೆ ಎಂದು ನೀವು ಅಂದುಕೊಂಡಿದ್ದೀರಿ ಎಂದು ಕೇಳಿದರು. ಎಲ್ಲ ಮುಗಿದಂತೆಯೇ ಅಲ್ಲವೇ ಮೇಡಂ, ಯಾರಿಗೆ ಮುಖ ತೋರಿಸಲಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಹದಿನಾರು ವರ್ಷದಿಂದ ಎಚ್‌ಐವಿಯೊಂದಿಗೆ ಬದುಕುತ್ತಿದ್ದೇನೆ. ನಿಮ್ಮ ಎದುರಿಗೇ ಕೂತಿದ್ದೇನೆ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಒಂದೂವರೆ ವರ್ಷದಲ್ಲಿ ಮೂರು ಬಾರಿ ಅವರೆದುರು ಕುಳಿತು ನಾನು ಬೇಡಿಕೊಂಡದ್ದರ ತಿರುಳು ಏನಾಗಿತ್ತು? ನಿಮ್ಮಂತೆ ಆಗದಿದ್ದರೆ ಸಾಕು ಎಂಬುದೇ. ಅವರಲ್ಲಿ ಕೋಪವಿರಲಿಲ್ಲ. ದಿನಕ್ಕೊಂದು ಮಾತ್ರೆ ನುಂಗುತ್ತೇನೆ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ವರ್ಷಗಳೇ ಆದವು, ಹಾಗಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ, ನನಗೆ ಇಬ್ಬರು ಮಕ್ಕಳಿದ್ದಾರೆ, ಇಬ್ಬರಿಗೂ ಸೋಂಕಿಲ್ಲ ಎಂದರು. ಬಳಿಕ, ಹನ್ನೆರಡನೆಯ ಪರೀಕ್ಷೆಯನ್ನು ಬೇಕಾದರೆ ಮಾಡಿಕೊಡುತ್ತೇನೆ, ಆದರೆ ಅದರ ಫಲಿತಾಂಶವನ್ನು ಈಗಲೇ ಹೇಳಬಲ್ಲೆ, ಅದು ನಿಮಗೆ ಸಾಲುವುದಿಲ್ಲ ಎಂಬುದನ್ನೂ ಹೇಳಬಲ್ಲೆ ಎಂದು ಒಬ್ಬ ಮನೋವೈದ್ಯರ ವಿಳಾಸ ಬರೆದುಕೊಟ್ಟರು. ನಾನು ರಕ್ತ ಕೊಡದೆ ಎದ್ದು ಬಂದೆ. ನಾನು ಹೆದರಿದ್ದು ವೈರಾಣುವಿಗೆ ಎಷ್ಟೋ, ಆ ವೈರಾಣು ಇರುವವರನ್ನು ನಾನೇ ಒಳಗೊಳಗೆ ನೋಡುತ್ತಿದ್ದ ಕಣ್ಣಿಗೂ ಅಷ್ಟೇ ಎಂದು ಹೊಳೆದದ್ದು ಅಂದು. ಆ ನಾಚಿಕೆ ಈಗಲೂ ಇದೆ, ಇರಲಿ.

ಮನೋವೈದ್ಯರು ಒಂದು ಗಂಟೆ ಕೇಳಿಸಿಕೊಂಡರು. ಬದುಕು ಬೇಡವೆನಿಸಿದ ಸಂಜೆಯ ಬಗ್ಗೆ ನೇರವಾಗಿ ಕೇಳಿದರು, ನಾನೂ ನೇರವಾಗಿ ಹೇಳಿದೆ. ಆ ಒಂದು ಉತ್ತರದಿಂದಲೇ ಅರ್ಧ ಹೊರೆ ಇಳಿದಂತಾಯಿತು. ಇದು ಆರೋಗ್ಯದ ಬಗೆಗಿನ ಆತಂಕ, ನಿಮ್ಮಲ್ಲಿ ಇದು ಗೀಳಿನ ಸ್ವರೂಪ ಪಡೆದಿದೆ, ಇದಕ್ಕೆ ಚಿಕಿತ್ಸೆಯಿದೆ ಎಂದು ಹೇಳಿ ಸರ್ಟ್ರಾಲಿನ್ ಎಂಬ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರು, ಜೊತೆಗೆ ಚಿಂತನೆ ಮತ್ತು ವರ್ತನೆಯ ಚಿಕಿತ್ಸೆಗಾಗಿ, ಅಂದರೆ ಸಿಬಿಟಿಗಾಗಿ, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು. ಔಷಧಿಯ ಮೊದಲ ಎರಡು ವಾರ ವಾಕರಿಕೆ, ಚಡಪಡಿಕೆ ಇತ್ತು. ಹೀಗಾಗಬಹುದೆಂದು ಅವರು ಮುಂಚೆಯೇ ಹೇಳಿರದಿದ್ದರೆ ಅದನ್ನೂ ಸೋಂಕಿನ ಲೆಕ್ಕಕ್ಕೆ ಸೇರಿಸುತ್ತಿದ್ದೆ. ಆರನೆಯ ವಾರದ ಹೊತ್ತಿಗೆ ಯೋಚನೆಗಳು ನಿಲ್ಲಲಿಲ್ಲ, ಆದರೆ ಅವುಗಳ ಬಿಗಿ ಸಡಿಲಿತು.

ಮನಶ್ಶಾಸ್ತ್ರಜ್ಞೆ ಮೊದಲು ಕೊಟ್ಟ ಕೆಲಸ ಎಣಿಕೆ. ಒಂದು ವಾರ ಯಾವುದನ್ನೂ ನಿಲ್ಲಿಸಬೇಡಿ, ಮೈ ಪರೀಕ್ಷಿಸಿಕೊಂಡ, ಹುಡುಕಿದ, ಯಾರನ್ನಾದರೂ ಕೇಳಿದ ಪ್ರತಿಯೊಂದು ಸಲವೂ ಒಂದು ಗೆರೆ ಎಳೆಯಿರಿ ಎಂದರು. ದಿನಕ್ಕೆ ಸರಾಸರಿ ನಲವತ್ತೊಂದು ಗೆರೆಗಳಾದವು. ಎರಡನೆಯ ವಾರ ಅವರು ಒಂದು ವಿಚಿತ್ರ ಪ್ರಯೋಗ ಹೇಳಿದರು: ಕತ್ತಿನ ಗ್ರಂಥಿಯನ್ನು ಎಷ್ಟು ಸಲ, ಎಷ್ಟು ಬಲವಾಗಿ ಒತ್ತುತ್ತೀರೋ ಅಷ್ಟೇ ಸಲ, ಅಷ್ಟೇ ಬಲವಾಗಿ ಎಡಗಿವಿಯ ಹಾಲೆಯನ್ನು ಒತ್ತಿ. ಮೂರನೆಯ ದಿನಕ್ಕೆ ಹಾಲೆ ಕೆಂಪಗಾಗಿ ಊದಿಕೊಂಡು ಮುಟ್ಟಿದರೆ ನೋಯುತ್ತಿತ್ತು. ಕಿವಿಯ ಹಾಲೆಗೆ ಯಾವ ಸೋಂಕಿತ್ತು? ಹನ್ನೊಂದು ವರದಿಗಳು ನನಗೆ ಮನಗಾಣಿಸಲಾರದ್ದನ್ನು ಆ ಊದಿದ ಕಿವಿ ಮನಗಾಣಿಸಿತು.

ಅವರು ಹಾಳೆಯ ಮೇಲೆ ಎರಡು ಸಾಧ್ಯತೆಗಳನ್ನು ಬರೆದರು. ಒಂದು, ಯಾವ ಪರೀಕ್ಷೆಗೂ ಸಿಗದ ಸೋಂಕು ನನಗಿದೆ. ಇನ್ನೊಂದು, ಸೋಂಕಿನ ಬಗ್ಗೆ ವಿಪರೀತ ಹೆದರುವ ತೊಂದರೆ ನನಗಿದೆ. ಎರಡು ವರ್ಷದಿಂದ ನೀವು ಮೊದಲನೆಯದು ನಿಜವೆಂಬಂತೆ ನಡೆದುಕೊಂಡಿದ್ದೀರಿ, ಅದರಿಂದ ಭಯ ಇಳಿಯಿತೇ, ಏರಿತೇ ಎಂದು ಕೇಳಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. 1986ರಲ್ಲಿ ಪಾಲ್ ಸಾಲ್ಕೊವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಎಂಬ ಇಬ್ಬರು ಸಂಶೋಧಕರು, ರೋಗವಿಲ್ಲವೆಂದು ಮತ್ತೆ ಮತ್ತೆ ಯಾರಿಂದಲಾದರೂ ಹೇಳಿಸಿಕೊಳ್ಳುವ ಹಂಬಲವು ಗೀಳಿನವರು ಪದೇ ಪದೇ ಕೈ ತೊಳೆಯುವಂತೆಯೇ ಕೆಲಸ ಮಾಡುತ್ತದೆ ಎಂದು ವಿವರಿಸಿದ್ದರಂತೆ: ಆ ಕ್ಷಣಕ್ಕೆ ಭಯ ಇಳಿಯುತ್ತದೆ, ಇಳಿದದ್ದಕ್ಕಾಗಿಯೇ ಮುಂದಿನ ಸಲ ಅದೇ ಬೇಕೆನಿಸುತ್ತದೆ. ನನ್ನ ನಲವತ್ತು ನಿಮಿಷಗಳ ಹಗುರ ನೆನಪಾಯಿತು. ಮೊದಲ ಮೂರು ಪರೀಕ್ಷೆಗಳು ಆರೋಗ್ಯಕ್ಕಾಗಿ ಮಾಡಿಸಿದ್ದು, ಉಳಿದ ಎಂಟನ್ನು ಆ ನಲವತ್ತು ನಿಮಿಷಗಳಿಗಾಗಿ ಮಾಡಿಸಿದ್ದೆ.

ಬಳಿಕದ ಕೆಲಸ ಕಷ್ಟದ್ದು. ನೋಡಿಕೊಳ್ಳಬೇಕೆನಿಸಿದಾಗ ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಮರುದಿನದವರೆಗೆ ತಡೆಯಬೇಕು. ಟಾರ್ಚನ್ನು ಬಚ್ಚಲುಮನೆಯಿಂದ ತೆಗೆದಿಟ್ಟೆ. ಮೊಬೈಲಿನಲ್ಲಿದ್ದ ನಾಲಿಗೆಯ ಫೋಟೊಗಳನ್ನು ಅವರ ಮುಂದೆಯೇ ಅಳಿಸಿದೆ, ಬೆರಳು ನಡುಗುತ್ತಿತ್ತು. ಎಲ್ಲಕ್ಕಿಂತ ಕಠಿಣವಾದದ್ದು ಒಂದು ವಾಕ್ಯವನ್ನು ಪ್ರತಿದಿನ ಇಪ್ಪತ್ತು ನಿಮಿಷ ಬರೆದು ಗಟ್ಟಿಯಾಗಿ ಓದುವುದು: "ಯಾವ ಪರೀಕ್ಷೆಯಲ್ಲೂ ಕಾಣದ ಸೋಂಕು ನನಗೆ ಇರಬಹುದು, ಅದನ್ನು ನೂರಕ್ಕೆ ನೂರು ಖಚಿತವಾಗಿ ತಿಳಿಯಲು ನನ್ನಿಂದ ಎಂದೂ ಆಗದಿರಬಹುದು." ಇದನ್ನು ಕೇಳಿ ಮೊದಲು ಸಿಟ್ಟು ಬಂತು. ನನ್ನ ಭಯವನ್ನು ಕಳೆಯುವ ಬದಲು ಇವರು ಅದನ್ನೇ ಜಪ ಮಾಡಿಸುತ್ತಿದ್ದಾರಲ್ಲ ಎನಿಸಿತು. ಮೊದಲ ನಾಲ್ಕು ದಿನ ಓದುವಾಗ ಬೆವರುತ್ತಿದ್ದೆ. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಓದುತ್ತಾ ಓದುತ್ತಾ ಕಿಟಕಿಯ ಹೊರಗೆ ಯಾರೋ ಸ್ಕೂಟರ್ ಶುರುಮಾಡಲು ಒದ್ದಾಡುತ್ತಿದ್ದ ಸದ್ದಿನ ಕಡೆಗೆ ಗಮನ ಹೋಯಿತು. ಆ ವಾಕ್ಯ ಮೊದಲ ಬಾರಿಗೆ ಬರೀ ವಾಕ್ಯದಂತೆ ಕೇಳಿಸಿತ್ತು. ಖಚಿತತೆ ಎಂಬುದು ಯಾರ ಬಳಿಯೂ ಇಲ್ಲ, ಉಳಿದವರೆಲ್ಲ ಅದಿಲ್ಲದೆಯೇ ಊಟ ಮಾಡಿ ನಿದ್ದೆ ಮಾಡುತ್ತಾರೆ ಎಂಬುದನ್ನು ನಾನು ಬುದ್ಧಿಯಿಂದ ಮೊದಲೇ ಬಲ್ಲೆ. ಮೈಗೆ ಅದು ತಿಳಿಯಲು ಹತ್ತು ದಿನಗಳ ಬೆವರು ಬೇಕಾಯಿತು.

ಹೆಂಡತಿಗೆ ಹೇಳಿದ್ದು ಚಿಕಿತ್ಸೆಯ ಎರಡನೆಯ ತಿಂಗಳಲ್ಲಿ. ಹೇಳಲೇಬೇಕೆಂದು ಯಾರೂ ಒತ್ತಾಯಿಸಲಿಲ್ಲ. ನಿಮ್ಮ ಮನಸ್ಸಿನ ಭಾರ ಕಳೆಯಲು ಹೇಳುತ್ತಿದ್ದೀರೋ, ಅವಳಿಗೆ ತಿಳಿಯಬೇಕೆಂದು ಹೇಳುತ್ತಿದ್ದೀರೋ ಯೋಚಿಸಿ ಎಂದಷ್ಟೇ ಮನಶ್ಶಾಸ್ತ್ರಜ್ಞೆ ಕೇಳಿದ್ದರು. ಹಳೆಯ ಸಂಬಂಧ, ಪರೀಕ್ಷೆಗಳು, ಔಷಧಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಆಮೇಲೆ, "ನನ್ನಲ್ಲೇ ಏನೋ ಕೊರತೆಯಿದೆ, ಅದಕ್ಕೇ ಹತ್ತಿರ ಬರುತ್ತಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದೆ" ಎಂದಳು. ಸೋಂಕಿನಿಂದ ಅವಳನ್ನು ಕಾಪಾಡುತ್ತಿದ್ದೇನೆಂದು ನಾನು ನಂಬಿಕೊಂಡಿದ್ದ ಅಷ್ಟೂ ತಿಂಗಳು ಅವಳಿಗೆ ನಿಜವಾಗಿ ಕೊಟ್ಟದ್ದು ಈ ಗಾಯವನ್ನು. ಅವಳ ಸಿಟ್ಟು ಇಳಿಯಲು ವಾರಗಳು ಹಿಡಿದವು, ಅದು ನ್ಯಾಯವೂ ಆಗಿತ್ತು. ಒಮ್ಮೆ ಅವಳೂ ನನ್ನೊಂದಿಗೆ ಮನಶ್ಶಾಸ್ತ್ರಜ್ಞೆಯ ಬಳಿ ಬಂದಳು. ಅಲ್ಲಿ ನಾವು ಮಾಡಿಕೊಂಡ ಒಪ್ಪಂದ ಇದು: ನನಗೇನೂ ಇಲ್ಲ ಅಲ್ಲವೇ ಎಂದು ನಾನು ಕೇಳಿದರೆ ಅವಳು ಇಲ್ಲವೆಂದು ಹೇಳುವುದಿಲ್ಲ. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಬೇಕಾದರೆ ಪಕ್ಕದಲ್ಲಿ ಕೂರುತ್ತೇನೆ ಎನ್ನುತ್ತಾಳೆ. ಕಲ್ಲೆದೆಯ ಮಾತಿನಂತೆ ಕೇಳಿಸಬಹುದು. ಅವಳು ಎಷ್ಟೋ ರಾತ್ರಿ ಹಾಗೆ ಪಕ್ಕದಲ್ಲಿ ಕೂತಿದ್ದಾಳೆ.

ಎಚ್ಚರಿಕೆಯನ್ನು ನಾನು ಬಿಟ್ಟಿಲ್ಲ, ಬಿಡಬಾರದು ಕೂಡ. ವೈದ್ಯರೊಂದಿಗೆ ಸೇರಿ ಒಂದು ನಿಯಮ ಮಾಡಿಕೊಂಡೆ: ಸೋಂಕು ತಗಲಬಹುದಾದ ಹೊಸ ಸಂದರ್ಭ ನಿಜವಾಗಿ ಒದಗಿದರೆ ಸರಿಯಾದ ಸಮಯಕ್ಕೆ ಒಂದು ಪರೀಕ್ಷೆ, ಅದರ ಫಲಿತಾಂಶವೇ ಕೊನೆ; ಅಂಥ ಸಂದರ್ಭವಿಲ್ಲದಿದ್ದರೆ ಪರೀಕ್ಷೆಯಿಲ್ಲ. ಮೈಮೇಲೆ ಏನಾದರೂ ಕಂಡರೆ ಎರಡು ವಾರ ಕಾಯಬೇಕು, ಆಗಲೂ ಇದ್ದರೆ ಒಬ್ಬ ವೈದ್ಯರನ್ನು ಒಮ್ಮೆ ಕಾಣಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಆರು ತಿಂಗಳಲ್ಲಿ ಪೂರ್ತಿ ಹಾಕಿಸಿಕೊಂಡೆ. ಎರಡು ವರ್ಷ ಆ ಸೋಂಕಿನ ಬಗ್ಗೆ ಹೆದರಿ ನೂರಾರು ಪುಟ ಓದಿದವನು ಅದಕ್ಕೆ ಲಸಿಕೆ ಹಾಕಿಸಿಕೊಳ್ಳುವ ಯೋಚನೆಯನ್ನೇ ಮಾಡಿರಲಿಲ್ಲ.

ಹದಿನಾಲ್ಕು ತಿಂಗಳ ಬಳಿಕ ವೈದ್ಯರು ಔಷಧಿಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಭಯ ಪೂರ್ತಿ ಹೋಗಲಿಲ್ಲ. ಒಮ್ಮೆ ತುಟಿಯ ಒಳಗೆ ಹುಣ್ಣಾದಾಗ ಮೂರು ದಿನ ಮತ್ತೆ ಕನ್ನಡಿಯ ಮುಂದೆ ನಿಂತೆ. ನಾಲ್ಕನೆಯ ದಿನ ಮನಶ್ಶಾಸ್ತ್ರಜ್ಞೆಗೆ ಫೋನ್ ಮಾಡಿ ಮತ್ತೆ ಗೆರೆ ಎಳೆಯುವ ಕೆಲಸ ಶುರುಮಾಡಿದೆ. ಈ ಬಾರಿ ಅದು ವಾರದೊಳಗೆ ತಹಬಂದಿಗೆ ಬಂತು.

ಕಳೆದ ವರ್ಷ ಹೆಂಡತಿ ಗರ್ಭಿಣಿಯಾದಳು. ಎಲ್ಲ ಗರ್ಭಿಣಿಯರಿಗೂ ಮಾಡುವಂತೆ ಅವಳಿಗೂ ಎಚ್‌ಐವಿ, ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ವೈದ್ಯೆ ಬರೆದರು. ತಾಯಿಗೆ ಸೋಂಕಿದ್ದರೂ ಬೇಗ ತಿಳಿದರೆ ಮಗುವಿಗೆ ಅದು ದಾಟದಂತೆ ತಡೆಯಬಹುದು ಎಂಬುದೇ ಅದರ ಉದ್ದೇಶ ಎಂದು ನನಗೆ ಗೊತ್ತಿತ್ತು. ಆದರೂ ಅವಳ ರಕ್ತ ತೆಗೆಯುವಾಗ ಹೊರಗಿನ ಬೆಂಚಿನ ಮೇಲೆ ಕುಳಿತ ನನ್ನ ಅಂಗೈ ಒದ್ದೆಯಾಯಿತು. ಇದು ಅವಳ ಪರೀಕ್ಷೆಯಾಗಿರಲಿಲ್ಲ, ನನ್ನ ಹನ್ನೆರಡನೆಯದಾಗಿತ್ತು. ಆ ರಾತ್ರಿ ಮೊಬೈಲನ್ನು ಅವಳ ಕೈಗೆ ಕೊಟ್ಟು ಮಲಗಿದೆ; ನಿದ್ದೆ ಬಂತೆಂದು ಹೇಳಲಾರೆ. ಮರುದಿನ ಸಂಜೆ ವರದಿ ತಂದವಳು ಅದನ್ನು ಮೊದಲು ತಾನು ಓದಿ, ಏನೂ ಹೇಳದೆ ನನ್ನ ಮುಂದಿಟ್ಟಳು. ಮೂರು ಸಾಲುಗಳಿದ್ದವು. ಹೆಸರು, ವಯಸ್ಸು, ಮಾದರಿಯ ಸಂಖ್ಯೆ ಇವುಗಳ ಕಡೆಗೆ ಕಣ್ಣು ಹೊರಳುತ್ತಿದ್ದುದನ್ನು ತಡೆದು ಮೂರು ಸಾಲುಗಳನ್ನಷ್ಟೇ ಓದಿ ಮಡಚಿ ಅವಳಿಗೆ ಕೊಟ್ಟೆ. ಅವಳು ಅದನ್ನು ಸ್ಕ್ಯಾನಿಂಗ್ ವರದಿಗಳ ಜೊತೆ ಕಡತದಲ್ಲಿ ಸೇರಿಸಿದಳು. ಆ ಕಡತ ಇಂದಿಗೂ ಕಪಾಟಿನ ಕೆಳಗಿನ ಹಲಗೆಯಲ್ಲಿದೆ, ಮಗಳ ಲಸಿಕೆಯ ಕಾರ್ಡೂ ಅದರಲ್ಲೇ ಇದೆ. ಲಸಿಕೆಯ ದಿನ ಬಂದಾಗ ಕಾರ್ಡನ್ನು ತೆಗೆದುಕೊಳ್ಳುವವನು ನಾನೇ. ಮೇಲಿನ ಹಾಳೆಯನ್ನು ತೆಗೆದುಕೊಂಡು ಕಡತವನ್ನು ಮುಚ್ಚುತ್ತೇನೆ.